ಹಾಲು ಕಾಯಿಸಿದರೆ ಸಾಕೇ? ಪ್ಯಾಕೆಟ್‌ನಿಂದ ಲೋಟದವರೆಗೆ ಹೀಗೆ ಜೋಪಾನ ಮಾಡಿ

"ಕಾಯಿಸಿಬಿಟ್ಟರೆ ಆಯ್ತು, ಏನಿದ್ದರೂ ಸಾಯುತ್ತೆ." ಬೆಂಗಳೂರಿನ ಎಷ್ಟೋ ಅಡುಗೆಮನೆಗಳಲ್ಲಿ ಹಾಲಿನ ಬಗ್ಗೆ ಇರುವ ನಂಬಿಕೆ ಇದು. ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲೇ ಹೊಟ್ಟೆ ಕೆಡಿಸುವುದು.

2000ನೇ ಇಸವಿಯಲ್ಲಿ ಜಪಾನಿನ ಒಸಾಕಾ ಸುತ್ತಮುತ್ತ ಹಾಲು ಕುಡಿದು 13 ಸಾವಿರಕ್ಕೂ ಜಾಸ್ತಿ ಜನ ವಾಂತಿ, ಭೇದಿಯಿಂದ ನರಳಿದರು. ಮೂಲ ಹುಡುಕಿದರೆ ಸಿಕ್ಕಿದ್ದು ಒಂದು ಪವರ್ ಕಟ್. ಆ ಹಾಲಿಗೆ ಬೆರೆಸುತ್ತಿದ್ದ ಹಾಲಿನ ಪುಡಿ ತಯಾರಾಗುತ್ತಿದ್ದ, ದೂರದ ಹೊಕ್ಕೈಡೊದ ಕಾರ್ಖಾನೆಯಲ್ಲಿ ಸುಮಾರು ಮೂರು ಗಂಟೆ ಕರೆಂಟ್ ಹೋಗಿತ್ತು. ಬೆಚ್ಚಗೆ ನಿಂತ ಹಾಲಿನಲ್ಲಿ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಟ್ಟಿತು. ಆಮೇಲೆ ಬಿಸಿ ಮಾಡಿದಾಗ ಬ್ಯಾಕ್ಟೀರಿಯಾ ಸತ್ತಿತು, ವಿಷ ಹಾಗೇ ಉಳಿಯಿತು. ಅದು ಕುದಿಸಿದರೂ ಹೋಗುವಂಥದ್ದಲ್ಲ. ಆದ್ದರಿಂದ ಹಾಲು ಎಷ್ಟು ಕಾದಿದೆ ಎನ್ನುವುದರ ಜೊತೆಗೆ, ಎಷ್ಟು ಹೊತ್ತು ಬೆಚ್ಚಗೆ ನಿಂತಿತ್ತು ಎನ್ನುವುದನ್ನೂ ನೋಡಬೇಕು.

ತರುವಾಗ

ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದು. ಡೇರಿಯಲ್ಲಿ ಸಾಮಾನ್ಯವಾಗಿ 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡ್ ಕಾಯಿಸಿ, ತಕ್ಷಣ ತಣ್ಣಗಾಗಿಸುತ್ತಾರೆ. ಕಾಯಿಲೆ ತರುವ ಸಾಲ್ಮೊನೆಲ್ಲಾ, ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾಗಳು ಇದರಲ್ಲಿ ಸಾಯುತ್ತವೆ. ಆದರೆ ನಮ್ಮಲ್ಲಿ ಬೆಳಗಿನ ಕ್ರೇಟ್ ಬೂತ್ ಮುಂದಿನ ಫುಟ್‌ಪಾತ್ ಮೇಲೆ ಎಷ್ಟು ಹೊತ್ತು ಕೂತಿತ್ತೋ ಯಾರಿಗೆ ಗೊತ್ತು? ಮುಟ್ಟಿ ನೋಡಿ. ಕೈಗೆ ತಣ್ಣಗೆ ಹತ್ತದಿದ್ದರೆ, ಪ್ಯಾಕೆಟ್ ಉಬ್ಬಿದ್ದರೆ ಬೇಡ. ಗೇಟಿಗೆ ಚೀಲ ನೇತು ಹಾಕಿ ಎಂಟು ಗಂಟೆಗೆ ಏಳುವವರು, ಹಾಲು ಹಾಕುವವರಿಗೆ ಸ್ವಲ್ಪ ತಡವಾಗಿ ಬರಲು ಹೇಳುವುದು ವಾಸಿ. ಕತ್ತರಿಸುವ ಮೊದಲು ಪ್ಯಾಕೆಟ್ಟನ್ನೂ ಕತ್ತರಿಯನ್ನೂ ತೊಳೆಯಿರಿ.

ಹಸಿ ಹಾಲಿನ ಕಥೆ ಬೇರೆ. ಎದುರಿಗೇ ಕರೆದು ಕೊಟ್ಟಿರಲಿ, ಚೆಂದದ ಗಾಜಿನ ಬಾಟಲಿಯಲ್ಲಿ ಬಂದಿರಲಿ, ಕಾಯಿಸದೆ ಕುಡಿಯಬೇಡಿ. ಕೆಚ್ಚಲು ಬಾವು ಇರುವ ಹಸುವಿನ ಹಾಲಿನಲ್ಲಿ ಸ್ಟ್ಯಾಫಿಲೊಕಾಕಸ್ ಇರಬಹುದು. ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಇದ್ದರೆ ವಾರಗಟ್ಟಲೆ ಬಂದು ಹೋಗುವ ಜ್ವರ, ಕೀಲು ನೋವು. ಹಾಲು ನೋಡಲು ಬೆಳ್ಳಗೇ ಇರುತ್ತದೆ! ಗಿಣ್ಣದ ಹಾಲಿಗೂ ಇದೇ ನಿಯಮ, ಚೆನ್ನಾಗಿ ಬೇಯಲೇಬೇಕು. ಪಂಚಾಮೃತಕ್ಕೆ ಹಸಿ ಹಾಲೇ ಆಗಬೇಕು ಎನ್ನುವ ಮನೆಗಳುಂಟು. ಅಲ್ಲಿ ಫ್ರಿಜ್‌ನಿಂದ ತೆಗೆದ ಪ್ಯಾಕೆಟ್ ಹಾಲು ಬಳಸಿ. ಒಲೆಗಿಡದಿದ್ದರೂ ಅದು ಪಾಶ್ಚರೀಕರಿಸಿದ್ದು. ದೇವರೇನೂ ಬೇಡ ಅನ್ನುವುದಿಲ್ಲ.

ಕಾಯಿಸುವಾಗ, ಆರಿಸುವಾಗ

ಹಾಲು ಪೂರ್ತಿ ಉಕ್ಕಬೇಕು. ಉಕ್ಕಿದ ಮೇಲೆ ಉರಿ ಸಣ್ಣ ಮಾಡಿ, ಸೌಟಿನಿಂದ ತಿರುಗಿಸುತ್ತಾ ಒಂದೆರಡು ನಿಮಿಷ ಬಿಡಿ. ಇಷ್ಟು ಎಲ್ಲರಿಗೂ ಗೊತ್ತಿರುವುದೇ.

ನಾವು ಎಡವುವುದು ಇದಾದ ಮೇಲೆ. ಏಳು ಗಂಟೆಗೆ ಕಾಯಿಸಿದ ಪಾತ್ರೆ ಹನ್ನೊಂದರವರೆಗೂ ಒಲೆಯ ಮೇಲೇ ಇರುತ್ತದೆ, ಅಲ್ವಾ? ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಕಷ್ಟಕಾಲದಲ್ಲಿ ಬೀಜದ ಹಾಗೆ ಗಟ್ಟಿ ಸಿಪ್ಪೆ ಹೊದ್ದು ಕೂರುತ್ತದೆ. ಕುದಿಯುವ ಹಾಲಿನಲ್ಲೂ ಅದು ಬದುಕುಳಿಯಬಲ್ಲದು. ಹಾಲು ಉಗುರುಬೆಚ್ಚಗಾದಾಗ ಮೊಳೆತು ಬೆಳೆಯುತ್ತದೆ. 5 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಬಿಸಿಯಲ್ಲಿ ಹಾಲನ್ನು ಜಾಸ್ತಿ ಹೊತ್ತು ಬಿಡಬಾರದು ಅನ್ನುವುದು ಇದಕ್ಕೇ.

ಹೀಗೆ ಮಾಡಿ. ಅಗಲವಾದ ಬೇಸಿನ್‌ನಲ್ಲಿ ತಣ್ಣೀರು ಹಾಕಿ ಪಾತ್ರೆಯನ್ನು ಅದರೊಳಗೆ ಇಡಿ. ಆಗಾಗ ತಿರುಗಿಸಿ, ನೀರು ಬಿಸಿಯಾದರೆ ಬದಲಿಸಿ. ಆರಿದ ಕೂಡಲೇ ಮುಚ್ಚಿ ಫ್ರಿಜ್‌ಗೆ ಇಡಿ. ಹೊರಗೆ ಎರಡು ಗಂಟೆ ದಾಟಬಾರದು, ಏಪ್ರಿಲ್ ಬಿಸಿಲಿನಲ್ಲಿ ಒಂದೇ ಗಂಟೆ. ಕಾಫಿಗೆ ಬೇಕಾದಷ್ಟನ್ನು ಮಾತ್ರ ಸಣ್ಣ ಪಾತ್ರೆಗೆ ಬಗ್ಗಿಸಿ ಬಿಸಿ ಮಾಡಿ. ಇಡೀ ಪಾತ್ರೆಯನ್ನು ದಿನಕ್ಕೆ ನಾಲ್ಕು ಸಲ ಕಾಯಿಸಿ ಆರಿಸುವುದು ಸುಮ್ನೆ ಅಪಾಯ, ಗ್ಯಾಸೂ ದಂಡ.

ಫ್ರಿಜ್‌ನಲ್ಲಿ

ಬಾಗಿಲಿನ ತಟ್ಟೆ ಹಾಲಿಗಲ್ಲ, ತೆರೆದಾಗಲೆಲ್ಲ ಅಲ್ಲಿ ಬಿಸಿಗಾಳಿ ಬಡಿಯುತ್ತದೆ. ಒಳಗಿನ ತಟ್ಟೆಯಲ್ಲಿಡಿ. ಡಯಲ್ ಮೇಲಿನ 1, 2, 3 ಡಿಗ್ರಿ ಲೆಕ್ಕವಲ್ಲ. ಒಂದು ಲೋಟ ನೀರಿನಲ್ಲಿ ಫ್ರಿಜ್ ಥರ್ಮಾಮೀಟರ್ ಇಟ್ಟು ನೋಡಿ, 4 ಡಿಗ್ರಿ ಆಸುಪಾಸು ಇರಬೇಕು. ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ. ಮುಚ್ಚಿಯೇ ಇದ್ದರೆ ನಾಲ್ಕು ಗಂಟೆ ತಡೆಯುತ್ತದೆ.

ಲಿಸ್ಟೀರಿಯಾ ಮಾತ್ರ ಫ್ರಿಜ್‌ನ ತಂಪಿನಲ್ಲೂ ನಿಧಾನವಾಗಿ ಬೆಳೆಯುತ್ತದೆ. ಬಸುರಿಯರಿಗೆ ಇದು ತುಂಬಾ ಅಪಾಯ, ಗರ್ಭಪಾತವಾಗಬಹುದು. ಅವರಿಗೆ ಪನೀರನ್ನು ಚೆನ್ನಾಗಿ ಬೇಯಿಸಿಯೇ ಬಡಿಸಿ. ಹಸಿ ಹಾಲಿನ ಚೀಸ್ ಬೇಡವೇ ಬೇಡ.

ಮೊಸರು, ಕೋವಾ, ಮಗುವಿನ ಹಾಲು

ರಾತ್ರಿಯಿಡೀ ಹೊರಗಿದ್ದರೂ ಮೊಸರಿಗೆ ಏಕೆ ಏನೂ ಆಗುವುದಿಲ್ಲ? ಹೆಪ್ಪಿನ ಬ್ಯಾಕ್ಟೀರಿಯಾ ಬೇಗ ಹುಳಿ ಮಾಡುತ್ತವೆ. ಆ ಹುಳಿಯಲ್ಲಿ ಕೆಟ್ಟವು ಹೆಚ್ಚಲಾರವು. ಆದರೆ ಹೆಪ್ಪು ಸತ್ತಿದ್ದರೆ ಅದು ರಾತ್ರಿಯೆಲ್ಲ ಬೆಚ್ಚಗಿದ್ದ ಬರೀ ಹಾಲು. ಬೆಳಗ್ಗೆಯೂ ನೀರುನೀರಾಗಿ, ಹುಳಿಯೇ ಇಲ್ಲದೆ ಇದ್ದರೆ "ಇನ್ನೊಂದು ಕುದಿ ಬರಿಸಿ ಪಾಯಸಕ್ಕೆ ಹಾಕೋಣ" ಅನ್ನಬೇಡಿ, ಚೆಲ್ಲಿ. ಡಿಸೆಂಬರ್ ಚಳಿಯಲ್ಲಿ ಹಾಲು ಹೆಪ್ಪುಗಟ್ಟುವುದೇ ನಿಧಾನ. ಹೆಪ್ಪು ಸ್ವಲ್ಪ ಜಾಸ್ತಿ ಹಾಕಿ, ಪಾತ್ರೆಯನ್ನು ಬೆಚ್ಚನೆ ಜಾಗದಲ್ಲಿಡಿ.

ಕೋವಾ ಕೈ ತಾಗುವ ಪದಾರ್ಥ. ಬೆರಳಿನ ಸಣ್ಣ ಗಾಯವೂ ಸ್ಟ್ಯಾಫಿಲೊಕಾಕಸ್‌ಗೆ ದಾರಿ. ಹಬ್ಬದ ದಿನವೇ ತನ್ನಿ, ಮುಚ್ಚಿ ಫ್ರಿಜ್‌ನಲ್ಲಿಡಿ.

ಮಗುವಿನ ಹಾಲಿನ ಪುಡಿ ಬ್ಯಾಕ್ಟೀರಿಯಾ ಇಲ್ಲದ್ದು ಎಂದುಕೊಳ್ಳಬೇಡಿ. ಕ್ರೊನೊಬ್ಯಾಕ್ಟರ್ ಎಂಬುದು ಒಣ ಪುಡಿಯಲ್ಲೂ ಬದುಕುತ್ತದೆ. ನೀರು ಕುದಿಸಿ, ಅದು 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಪುಡಿ ಬೆರೆಸಿ, ಆಮೇಲೆ ಆರಿಸಿ ಕುಡಿಸಿ. ಬಾಟಲಿಯಲ್ಲಿ ಉಳಿದದ್ದನ್ನು ಚೆಲ್ಲಿ.

ಕುಡಿದು ಕಾಯಿಲೆ ಬಿದ್ದರೆ

ಸ್ಟ್ಯಾಫಿಲೊಕಾಕಸ್ ವಿಷವಾದರೆ ಕೆಲವೇ ಗಂಟೆಯಲ್ಲಿ ವಾಂತಿ ಶುರುವಾಗುತ್ತದೆ. ಓಆರ್‌ಎಸ್ ಕೊಡಿ. ಭೇದಿಯಲ್ಲಿ ರಕ್ತ, ಜೋರು ಜ್ವರ, ಮೂತ್ರ ಕಡಿಮೆಯಾಗುವುದು ಕಂಡರೆ ಅಥವಾ ಕಾಯಿಲೆ ಬಿದ್ದವರು ಬಸುರಿ, ಕೂಸು, ವಯಸ್ಸಾದವರಾದರೆ ಕಾಯದೆ ಡಾಕ್ಟರ್ ಹತ್ತಿರ ಹೋಗಿ. ಖಾಲಿ ಪ್ಯಾಕೆಟ್ ಬಿಸಾಡಬೇಡಿ. ಬ್ಯಾಚ್ ನಂಬರ್, ತಾರೀಕು ಕಾಣುವ ಹಾಗೆ ಫೋಟೊ ತೆಗೆದು 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪ್‌ನಲ್ಲಿ ದೂರು ಕೊಡಬಹುದು.