ವೈರಸ್ಸು, ಚುಟುಕ ಮತ್ತು ವಾಲಿಯ ವಾದ

ಕಂಪ್ಯೂಟರ್ ಸುರಕ್ಷತೆಯ ಬಗ್ಗೆ ಬರೆದೇ ಹೊಟ್ಟೆ ಹೊರೆದವನು ನಾನು. ಈಗ ಅರ್ಧ ನಿವೃತ್ತ. ಅಂದರೆ ಬೆಂಗಳೂರಿನ ಸಂಬಳದ ಕೆಲಸ ಬಿಟ್ಟು ಪುತ್ತೂರು ಕಡೆಯ ಮನೆಗೆ ಬಂದಿದ್ದೇನೆ. ಆದರೂ ಆಗೊಂದು ಈಗೊಂದು ಲೇಖನ, ಯಾವುದಾದರೂ ಸಣ್ಣ ಕಂಪನಿಯ ಸುರಕ್ಷತಾ ನಿಯಮ ತಿದ್ದುವ ಕೆಲಸ ಇದ್ದೇ ಇರುತ್ತದೆ. ಉಳಿದ ಹೊತ್ತಿನಲ್ಲಿ ಚುಟುಕ ಬರೆಯುತ್ತೇನೆ, ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತೇನೆ. "ಇಷ್ಟೆಲ್ಲ ಒಟ್ಟಿಗೆ ಹೇಗೆ ಮಾಡ್ತೀರಿ ಮಾರಾಯ್ರೆ?" ಅಂತ ಕೇಳುವವರಿದ್ದಾರೆ. ನಾನು ಮಾಡಿಕೊಂಡ ಏರ್ಪಾಡು ಹೀಗಿದೆ.

ಮೊದಲು ಎಲ್ಲವನ್ನೂ ಬೇರೆಬೇರೆ ಇಟ್ಟೆ. ಬೆಳಿಗ್ಗೆ ಸುರಕ್ಷತೆ, ಯಾಕೆಂದರೆ ಹೊರದೇಶದ ಸುದ್ದಿಯೆಲ್ಲ ರಾತ್ರಿ ಬಂದು ಬಿದ್ದಿರುತ್ತದೆ. ಸಂಜೆ ಉಳಿದದ್ದು. ಕಂಪ್ಯೂಟರ್‌ನಲ್ಲಿ ಫೋಲ್ಡರ್‌ಗಳೂ ಬೇರೆ. ಇದು ಶಿಸ್ತಿನ ಮಾತಲ್ಲ. ಚುಟುಕ ಇಪ್ಪತ್ತು ವರ್ಷ ಕಳೆದರೂ ಚುಟುಕವೇ. ಸುರಕ್ಷತೆಯ ಸಲಹೆ ಹಾಗಲ್ಲ, ಬೇಗ ಹಳಸುತ್ತದೆ. ಅದಕ್ಕೇ ಆ ಲೇಖನಗಳ ತಲೆಯ ಮೇಲೆ ಬರೆದ ದಿನಾಂಕ, ಮತ್ತೆ ಯಾವಾಗ ನೋಡಬೇಕು ಅನ್ನುವ ದಿನಾಂಕ ಎರಡನ್ನೂ ಹಾಕುತ್ತೇನೆ.

ಹಳೆಯ ಬರಹಗಳನ್ನು ಎತ್ತಿಡುವುದು ದೊಡ್ಡ ಕೆಲಸವೇ ಆಯಿತು. ಎಲ್ಲ 'ನುಡಿ', 'ಬರಹ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿದ್ದವು. ಅಂಥ ಫೈಲ್ ಒಳಗೆ ಕನ್ನಡವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕನ್ನಡದ ವೇಷ ಹಾಕಿ ನಿಂತಿರುತ್ತವೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ವೇಷ ಕಳಚುತ್ತದೆ. ಇವನ್ನು ಯುನಿಕೋಡ್‌ಗೆ, ಅಂದರೆ ಎಲ್ಲ ಯಂತ್ರಕ್ಕೂ ಕನ್ನಡ ಕನ್ನಡವಾಗಿಯೇ ಗೊತ್ತಾಗುವ ಸಂಕೇತಕ್ಕೆ, ಬದಲಿಸುವ ಸಲಕರಣೆಗಳು ಪುಕ್ಕಟೆ ಸಿಗುತ್ತವೆ. ಆದರೆ ಅರ್ಕಾವತ್ತು, ಒತ್ತಕ್ಷರ ಬಂದಲ್ಲಿ ಎಡವುತ್ತವೆ. ನನ್ನ ಬರಹಕ್ಕೆ ಇನ್ನೊಂದು ತಾಪತ್ರಯವೂ ಇತ್ತು. ವೈರಸ್‌ಗಳ ಹೆಸರನ್ನು ನಡುವೆ ಇಂಗ್ಲಿಷಿನಲ್ಲೇ ಟೈಪ್ ಮಾಡಿದ್ದೆ. ಸಲಕರಣೆ ಅವನ್ನೂ ಕನ್ನಡ ಅಂದುಕೊಂಡು ಬದಲಿಸಿ, ಓದಲಾಗದ ಏನೇನೋ ಮಾಡಿ ಇಟ್ಟಿತು. ಕೊನೆಗೆ ಮುದ್ರಿಸಿಕೊಂಡು, ಪೆನ್ನು ಹಿಡಿದು ಸಾಲುಸಾಲು ನೋಡಿದೆ. ಮೂಲ ಫೈಲ್ ಮುಟ್ಟದೆ ಹಾಗೇ ಇಟ್ಟುಕೊಳ್ಳಿ. ಒಟ್ಟು ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ. ನಮ್ಮ ಕಡೆ ಮಳೆಗಾಲಕ್ಕೆ ಮುಂಚಿನ ಸಿಡಿಲಿಗೆ ಫೋನಿನ ತಂತಿಯಿಂದ ಕಂಪ್ಯೂಟರ್‌ವರೆಗೆ ಎಲ್ಲ ಸುಟ್ಟುಹೋಗುವುದುಂಟು. ನನ್ನ ಮೂರನೆಯ ಪ್ರತಿ ಹುಬ್ಬಳ್ಳಿಯಲ್ಲಿ ಮಗಳ ಮನೆಯಲ್ಲಿದೆ.

ಯಾವುದನ್ನು ಇಡುವುದು, ಯಾವುದನ್ನು ಬಿಡುವುದು? 'ಪಾಸ್‌ವರ್ಡ್ ಆಗಾಗ ಬದಲಿಸಿ' ಅನ್ನುವ ಲೇಖನಗಳನ್ನೆಲ್ಲ ತೆಗೆದೆ. ಒಂದು ಕಾಲದಲ್ಲಿ ಎಲ್ಲರೂ ಹೇಳುತ್ತಿದ್ದುದೇ ಅದು. ಸೋರಿಕೆಯ ಗುರುತು ಇಲ್ಲದೆ ಸುಮ್ನೆ ಗಡುವು ಹಾಕಿ ಬದಲಿಸಲು ಹೇಳಬೇಡಿ ಅಂತ ಅಮೆರಿಕದಲ್ಲಿ ತಾಂತ್ರಿಕ ಮಾನದಂಡ ರೂಪಿಸುವ ಸರ್ಕಾರಿ ಸಂಸ್ಥೆ ನಿಸ್ಟ್ 2017ರಲ್ಲಿ ಹೇಳಿತು. ಬಲವಂತ ಮಾಡಿದರೆ ಜನ ಹಳೆಯದಕ್ಕೇ ಕೊನೆಯಲ್ಲೊಂದು ಅಂಕಿ ಸೇರಿಸುತ್ತಾರೆ, ಅಷ್ಟೇ ಅಲ್ವಾ? 1999ರ ಏಪ್ರಿಲ್ 26ರಂದು ಸಿಐಎಚ್ ವೈರಸ್ ಹಾರ್ಡ್ ಡಿಸ್ಕ್ ಅಳಿಸಿ, ಕೆಲವು ಯಂತ್ರಗಳು ಶುರುವಾಗಲು ಬೇಕಾದ ಬಯಾಸ್ ಚಿಪ್ಪನ್ನೇ ಕೆಡಿಸಿದ ಕತೆಯನ್ನು ಇತಿಹಾಸಕ್ಕಿರಲಿ ಅಂತ ಇಟ್ಟೆ.

2000ದ ಮೇ ತಿಂಗಳ 'ಐ ಲವ್ ಯೂ' ವೈರಸ್ ಬಗ್ಗೆ ಬರೆದದ್ದನ್ನು ಮಾತ್ರ ಅಕ್ಷರ ಬದಲಿಸದೆ ಉಳಿಸಿಕೊಂಡೆ. ಫಿಲಿಪ್ಪೀನ್ಸಿನಿಂದ ಹೊರಟ ಆ ಮೇಲ್ ಕೆಲವೇ ದಿನದಲ್ಲಿ ಜಗತ್ತೆಲ್ಲ ಸುತ್ತಿತು. ಜೊತೆಗಿದ್ದ ಫೈಲಿನ ಹೆಸರಿಗೆ ಎರಡು ಬಾಲ. ಮೊದಲನೆಯದು ಟೆಕ್ಸ್ಟ್ ಫೈಲಿನದು, ಎರಡನೆಯದು ಪ್ರೋಗ್ರಾಮಿನದು. ಎರಡನೆಯ ಬಾಲವನ್ನು ವಿಂಡೋಸ್ ತೋರಿಸುತ್ತಿರಲಿಲ್ಲ. ಪ್ರೇಮಪತ್ರ ಅಂತ ಜನ ತೆರೆದರು. ಅಲ್ಲಿ ಮೋಸಹೋದದ್ದು ಯಂತ್ರಕ್ಕಿಂತ ಮನುಷ್ಯ ಜಾಸ್ತಿ.

ನನ್ನ ಬರವಣಿಗೆ ದಾರಿ ಬದಲಿಸಿದ್ದೂ ಇದೇ ಕಾರಣಕ್ಕೆ. ಬೇರೆಬೇರೆ ಇಟ್ಟಿದ್ದ ಫೋಲ್ಡರ್‌ಗಳು ಒಂದರೊಳಗೊಂದು ಬರತೊಡಗಿದವು.

ತಾಳಮದ್ದಳೆ ಗೊತ್ತಿಲ್ಲದವರಿಗೆ ಎರಡು ಮಾತು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಮಾತು ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕ್ಯಾಸೆಟ್‌ನಲ್ಲಿ ಕೇಳುತ್ತ ಬೆಳೆದವರು ನಾವು. ಬಾಣ ತಾಗಿ ಬಿದ್ದ ವಾಲಿ, 'ಮರೆಯಲ್ಲಿ ನಿಂತು ಯಾಕೆ ಹೊಡೆದೆ?' ಅಂತ ರಾಮನನ್ನು ಕೇಳುತ್ತಾನೆ. ರಾಮ ಉತ್ತರ ಕೊಟ್ಟರೆ ಆ ಉತ್ತರದಿಂದಲೇ ಇನ್ನೊಂದು ಪ್ರಶ್ನೆ. ಎದುರಿನವನನ್ನು ಮಾತಿನಲ್ಲಿ ಹಿಡಿದು ನಿಲ್ಲಿಸುವುದೇ ಆ ಪಾತ್ರದ ಹೆಚ್ಚುಗಾರಿಕೆ.

ಪೊಲೀಸರ ಸೋಗಿನಲ್ಲಿ ಹೆದರಿಸಿ ಹಣ ಕೀಳುವ 'ಡಿಜಿಟಲ್ ಅರೆಸ್ಟ್' ಕರೆಗಳ ವಿವರ ಓದುವಾಗ ನನಗೆ ಕಂಡದ್ದು ಈ ಕಟ್ಟೇ. ಮೊದಲು ಪೀಠಿಕೆ: ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ. ಆಮೇಲೆ ಹೆದರಿಕೆ: ವಿಡಿಯೋದಲ್ಲಿ ಖಾಕಿ ಬಟ್ಟೆ, ಹಿಂದೆ ಪೊಲೀಸ್ ಠಾಣೆಯ ಗೋಡೆ. ಮುಂದೆ ಒಂಟಿ ಮಾಡುವುದು: ಕರೆ ಕಟ್ ಮಾಡಬೇಡಿ, ಮನೆಯವರಿಗೂ ಹೇಳಬೇಡಿ. ಕೊನೆಗೆ ಕರುಣೆ: ಹಣವನ್ನು ಪರಿಶೀಲನೆಗೆ ಕಳಿಸಿ, ವಾಪಸ್ ಬರುತ್ತದೆ. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲಿ ಎಲ್ಲೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಇದನ್ನು ಹೇಳಿದರು. ಆಮೇಲೂ ಜನ ಹಣ ಕಳೆದುಕೊಂಡರು.

ಹಾಗಾಗಿ ಲೇಖನ ಬಿಟ್ಟು ಸಂಭಾಷಣೆ ಬರೆದೆ. ಊರಿನ ಕೂಟಗಳಲ್ಲಿ, ಸೊಸೈಟಿಯ ಸಭೆ ಮುಗಿದ ಮೇಲೆ, ಕಾಲು ಗಂಟೆ ಇದನ್ನೇ ಆಡಿ ತೋರಿಸುತ್ತೇವೆ. ಕಳ್ಳ ನಾನು. ಎದುರಿಗೆ ಸಭಿಕರಲ್ಲೇ ಒಬ್ಬರು, ಹೆಚ್ಚಾಗಿ ನಿವೃತ್ತ ಮೇಷ್ಟ್ರು. ಅವರಿಗೆ ಏನನ್ನೂ ಮೊದಲೇ ಹೇಳಿಕೊಡುವುದಿಲ್ಲ.

ಜೋರು ವಾದ ಮಾಡುವವರೇ ಬೇಗ ಸಿಕ್ಕಿಬೀಳುತ್ತಾರೆ, ನೋಡಿ! "ನಾನು ಪಾರ್ಸೆಲ್ಲೇ ಕಳಿಸಿಲ್ಲ" ಅಂದರೆ, "ಹಾಗಾದರೆ ನಿಮ್ಮ ಆಧಾರ್ ಯಾರೋ ಬಳಸಿದ್ದಾರೆ ಸರ್, ನಂಬರ್ ಹೇಳಿ, ನೋಡೋಣ" ಅನ್ನುತ್ತೇನೆ. "ನಾನು ಪ್ರಾಮಾಣಿಕ" ಅಂದರೆ, "ಅದಕ್ಕೇ ನಿಮಗೆ ಸಹಾಯ ಮಾಡ್ತಿದ್ದೇನೆ." ಅವರ ಒಂದೊಂದು ಉತ್ತರವೂ ನನಗೆ ಮುಂದಿನ ಮೆಟ್ಟಿಲು. ತಾಳಮದ್ದಳೆಯಲ್ಲಿ ಉತ್ತರ ಕೊಡದವನು ಸೋತ. ಇಲ್ಲಿ ಮಾತಿನ ನಡುವೆ ಫೋನ್ ಇಟ್ಟವನೇ ಗೆದ್ದ. ಒಳ್ಳೆಯ ಮಾತುಗಾರರಿಗೆ ಇದು ತುಂಬ ಕಷ್ಟ. ಅರ್ಧದಲ್ಲಿ ಫೋನ್ ಇಡುವುದು ಅವರಿಗೆ ಮರ್ಯಾದೆಗೇಡು ಅನಿಸುತ್ತದೆ. ಅದಕ್ಕೇ ಆಟದ ಕೊನೆಗೆ ಎಲ್ಲರಿಂದಲೂ ಒಮ್ಮೆ ಸುಳ್ಳುಸುಳ್ಳೇ ಫೋನ್ ಕಟ್ ಮಾಡಿಸುತ್ತೇನೆ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಅಂತ ಆ ನಂಬರನ್ನು ಎಲ್ಲರ ಫೋನಿಗೂ ಹಾಕಿಸುತ್ತೇನೆ.

ಚುಟುಕಗಳೂ ಇದರಲ್ಲಿ ಸೇರಿಕೊಂಡಿವೆ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ ಅಂತ ಉದ್ದ ಲೇಖನದಲ್ಲಿ ಬರೆದರೆ ಯಾರೂ ನೆನಪಿಡುವುದಿಲ್ಲ. ಇದನ್ನು ಮಾತ್ರ ಹೇಳಿಕೊಂಡು ಓಡಾಡುತ್ತಾರೆ:

ಹಣ ಬರಲು ಪಿನ್ ಯಾಕೆ ತಮ್ಮಾ?
ಎಣಿಸಿ ಎಣಿಸಿ ಕೇಳಿದಳಮ್ಮ.
ಕ್ಷಣ ಹೊತ್ತು ಆ ಬದಿ ನಿಶ್ಶಬ್ದ,
ಟಣ್ಣನೆ ಫೋನ್ ಕಟ್ಟಾದ ಶಬ್ದ.

ದೊಡ್ಡ ಕಾವ್ಯವೇನಲ್ಲ, ಪ್ರಾಸ ಇದೆ, ಬಾಯಿಗೆ ಬರುತ್ತದೆ.

ಸದ್ಯ ಕೈಯಲ್ಲಿರುವುದು ಮೊಮ್ಮಗನ ದನಿಯನ್ನೇ ನಕಲು ಮಾಡಿ ಬರುವ ಕರೆಯ ಸಂಭಾಷಣೆ. ಇದರಲ್ಲಿ ಫೋನ್ ಇಡಿ ಅಂದರೆ ಅಜ್ಜಿಯಂದಿರು ಒಪ್ಪುವುದಿಲ್ಲ. "ನಿಜವಾಗಿ ಅವನೇ ಕಷ್ಟದಲ್ಲಿದ್ದರೆ?" ಅನ್ನುತ್ತಾರೆ, ಅದೂ ಸರಿಯೇ. ಹಾಗಾಗಿ ಫೋನ್ ಇಟ್ಟು, ಗೊತ್ತಿರುವ ನಂಬರಿಗೆ ನಾವೇ ತಿರುಗಿ ಕರೆ ಮಾಡುವುದು ಮೊದಲನೆಯದು. ಅದು ಆಗದಿದ್ದರೆ ಮನೆಮಂದಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಕೇಳುವುದು. ನಮ್ಮ ಮನೆಯಲ್ಲೂ ಅಂಥದ್ದೊಂದು ಗೊತ್ತುಮಾಡಿಕೊಂಡಿದ್ದೇವೆ. ಯಾವುದು ಅಂತ ಇಲ್ಲಿ ಬರೆಯುವ ಹಾಗಿಲ್ಲ, ಅಲ್ವಾ!