ಮುಂದಿನ ವರ್ಷದ ಟೆಕ್ ಟ್ರೆಂಡ್: ಸುದ್ದಿ ಬಿಟ್ಟು ಗಡುವು ಹಿಡಿದೆ

ಮುಂದಿನ ವರ್ಷ ಟೆಕ್‌ನಲ್ಲಿ ಯಾವುದಕ್ಕೆ ದುಡ್ಡು ಹರಿಯುತ್ತದೆ ಅಂತ ಊಹಿಸಿ ಗ್ರಾಹಕರಿಗೆ ಹೇಳುವುದು ನನ್ನ ಕೆಲಸ. ಈಗ ನನ್ನ ಊಹೆಗಳಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೆ ಮೂರು ಸರಿ ಬರುತ್ತಿವೆ. ಮೊದಲು ಅರ್ಧವೂ ಬರುತ್ತಿರಲಿಲ್ಲ. ಸುದ್ದಿ ಬಿಟ್ಟು ಗಡುವುಗಳನ್ನು ನೋಡಿ ಊಹಿಸುವ ಈ ದಾರಿ ಹಿಡಿದಾಗ ಜೊತೆಯವರು "ಇದು ಊಹೆಯಲ್ಲ, ಸುಮ್ನೆ ಕ್ಯಾಲೆಂಡರ್ ಓದೋದು" ಎಂದು ತಳ್ಳಿಹಾಕಿದ್ದರು. ಹೌದು, ಕ್ಯಾಲೆಂಡರ್ ಓದೋದೇ. ಆದರೆ ಅದನ್ನು ಸರಿಯಾಗಿ ಓದುವವರು ಎಷ್ಟು ಜನ ಇದ್ದಾರೆ?

ಮೊದಲು ದುಡ್ಡು ಎಲ್ಲಿ ಪೋಲಾಯಿತು ಅಂತ ಹೇಳಿಬಿಡುತ್ತೇನೆ. ಬಜೆಟ್‌ನ ಮುಕ್ಕಾಲು ಪಾಲು ಮಾರುಕಟ್ಟೆ ವರದಿಗಳ ಚಂದಾಕ್ಕೇ ಹೋಗುತ್ತಿತ್ತು. ಯಾವ ವರದಿ ತೆರೆದರೂ ಮೇಲಕ್ಕೇರುವ ಅದೇ ಗೆರೆ. 2021ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ ಕಂಪನಿ ಮೆಟಾ ಆದ ಮೇಲೆ ಎಲ್ಲರ ಪಟ್ಟಿಯಲ್ಲೂ ಮೆಟಾವರ್ಸ್, ಅಂದರೆ ಜನ ಒಳಹೊಕ್ಕು ಓಡಾಡುವ ಡಿಜಿಟಲ್ ಲೋಕ. 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂದಿದ್ದೇ ತಡ, ಆ ಜಾಗಕ್ಕೆ ಎಐ ಬಂದು ಕೂತಿತು. ಆಮೇಲೆ ಸರ್ಚ್ ಗ್ರಾಫ್ ನೋಡಿದೆ, ಪೋಸ್ಟ್‌ಗಳನ್ನು ಎಣಿಸುವ ಸ್ಕ್ರಿಪ್ಟ್ ಬರೆದೆ. ಡೇಟಾ ಕೊಳ್ಳಲು ಮತ್ತಷ್ಟು ಖರ್ಚು. ಜನ ಒಂದು ವಸ್ತುವಿನ ಬಗ್ಗೆ ಮಾತಾಡುವುದೇ ಬೇರೆ, ಅದಕ್ಕೆ ಜೇಬಿನಿಂದ ದುಡ್ಡು ಬಿಚ್ಚುವುದೇ ಬೇರೆ.

ಹಾಗಾಗಿ ಒಂದೇ ಪ್ರಶ್ನೆ ಇಟ್ಟುಕೊಂಡೆ: ಮುಂದಿನ ವರ್ಷ ಯಾರಿಗೆ ದುಡ್ಡು ಖರ್ಚು ಮಾಡದೆ ಬೇರೆ ದಾರಿ ಇರುವುದಿಲ್ಲ?

ವಿಂಡೋಸ್ 10 ತೆಗೆದುಕೊಳ್ಳಿ. ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಅಂತ ವರ್ಷಗಳ ಮುಂಚೆಯೇ ಗೊತ್ತಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಬೇಕು, ಹೊಸ ಪ್ರೊಸೆಸರ್ ಬೇಕು. ಹಳೇ ಮಷಿನ್‌ಗಳಲ್ಲಿ ಅದು ಕೂರುವುದಿಲ್ಲ. ಗಡುವಿನ ನಂತರವೂ ಅಪ್‌ಡೇಟ್ ಬೇಕೆಂದರೆ ಕಂಪನಿಗಳಿಗೆ ಒಂದು ಮಷಿನ್‌ಗೆ ಮೊದಲ ವರ್ಷ 61 ಡಾಲರ್, ಎರಡನೇ ವರ್ಷ 122, ಮೂರನೇ ವರ್ಷ 244. ಮೂರೂ ಸೇರಿದರೆ 427. ಈ ಲೆಕ್ಕ ನೋಡಿದ ಯಾವ ಹಣಕಾಸು ಮುಖ್ಯಸ್ಥರು ಹಳೇ ಮಷಿನ್ ಇಟ್ಟುಕೊಳ್ಳುತ್ತಾರೆ? "ಪಿಸಿ ಕಥೆ ಮುಗೀತು" ಅನ್ನುತ್ತಿದ್ದವರ ಮಧ್ಯೆ ನಾನು ಖರೀದಿ ಹೆಚ್ಚುತ್ತದೆ ಅಂತ ಬರೆದೆ, ಹಾಗೇ ಆಯಿತು. ನನ್ನ ಮಾತು ಕೇಳಿ ಬೇಗ ಆರ್ಡರ್ ಹಾಕಿದ ಒಬ್ಬ ಗ್ರಾಹಕರು ಉಳಿಸಿದ್ದು ನನ್ನ ಶುಲ್ಕದ ಎಂಟು ಹತ್ತು ಪಟ್ಟು ಇರಬಹುದು.

ಗಡುವನ್ನು ಇದ್ದ ಹಾಗೇ ನಂಬಬಾರದು, ಅದು ಇನ್ನೊಂದು ವಿಷಯ. ಯುರೋಪಿಯನ್ ಒಕ್ಕೂಟದಲ್ಲಿ ಹೊಸ ಫೋನ್‌ಗಳಿಗೆ ಯುಎಸ್‌ಬಿ-ಸಿ ಕಡ್ಡಾಯವಾಗಿದ್ದು 2024ರ ಡಿಸೆಂಬರ್ 28ರಿಂದ. ಆದರೆ ಐಫೋನ್ 15 ಅದನ್ನು 2023ರ ಸೆಪ್ಟೆಂಬರ್‌ನಲ್ಲೇ ಹಾಕಿಕೊಂಡು ಬಂತು. ಪ್ರಪಂಚದ ಒಂದು ಭಾಗಕ್ಕೆ ಮಾತ್ರ ಬೇರೆ ಪೋರ್ಟ್ ಮಾಡುವುದು ಲಾಭವಿಲ್ಲದ ಕೆಲಸ, ಅಲ್ವಾ? ಹಾಗಾಗಿ ಗ್ರಾಹಕ ವಸ್ತುಗಳಿಗೆ ಗಡುವಿನಿಂದ ಒಂದು ಮಾಡೆಲ್ ಹಿಂದಕ್ಕೆ ಎಣಿಸುತ್ತೇನೆ. ಕಂಪನಿ ಖರೀದಿಗೆ ಎಷ್ಟು ಹಿಂದಕ್ಕೆ ಎಣಿಸಬೇಕು ಅನ್ನುವುದು ನನ್ನ ಅನ್ನದ ಪ್ರಶ್ನೆ, ಅದನ್ನು ಇಲ್ಲಿ ಹೇಳುವುದಿಲ್ಲ.

ನಡುವೆ ಒಂದು ಪುಟ್ಟ ಪ್ರಯೋಗವನ್ನೂ ಮಾಡಿದೆ. ಸೆಕೆಂಡ್ ಹ್ಯಾಂಡ್ ಜಾಹೀರಾತುಗಳಲ್ಲಿ ವಿಆರ್ ಹೆಡ್‌ಸೆಟ್‌ಗಳನ್ನು (ಕಣ್ಣಿಗೆ ಕಟ್ಟಿಕೊಂಡು ಡಿಜಿಟಲ್ ಲೋಕ ನೋಡುವ ಸಾಧನ) ಕೆಲವು ತಿಂಗಳು ಗಮನಿಸಿದೆ. "ಒಂದೆರಡು ಸಲ ಮಾತ್ರ ಬಳಸಿದ್ದು, ಬಾಕ್ಸ್ ಸಮೇತ" ಅನ್ನುವ ಸಾಲು ಮತ್ತೆ ಮತ್ತೆ ಸಿಕ್ಕಿತು. ಕೊಂಡ ಮೂರು ತಿಂಗಳೊಳಗೆ ಹೀಗೆ ಮಾರಾಟಕ್ಕೆ ಬರುವ ವಸ್ತು ಮುಂದಿನ ವರ್ಷ ಗೆಲ್ಲುವ ಸಾಧ್ಯತೆಗೆ ನಾನು 30 ಪರ್ಸೆಂಟ್‌ಗಿಂತ ಜಾಸ್ತಿ ಕೊಡುವುದಿಲ್ಲ. ಈ ಲೆಕ್ಕಕ್ಕೆ ಆದ ಖರ್ಚು ಸೊನ್ನೆ. ಎಐಗೇ ಟ್ರೆಂಡ್ ಕೇಳಿಯೂ ನೋಡಿದೆ. ಹೋದ ವರ್ಷದ ವರದಿಗಳನ್ನೇ ಚಂದದ ಭಾಷೆಯಲ್ಲಿ ವಾಪಸ್ ಕೊಟ್ಟಿತು. ಹಳೇ ಊಹೆಗಳಿಗೆ ಬ್ರಯರ್ ಸ್ಕೋರ್ (ಕೊಟ್ಟ ಪರ್ಸೆಂಟ್ ನಿಜಕ್ಕೆ ಎಷ್ಟು ಹತ್ತಿರ ಇತ್ತು ಅಂತ ಅಳೆಯುವ ಅಂಕ) ಹಾಕಲು ಮಾತ್ರ ಅದನ್ನು ಇಟ್ಟುಕೊಂಡಿದ್ದೇನೆ.

ಈಗ ನನ್ನ ಪಟ್ಟಿಯ ಮೇಲಿರುವುದು ವೆಬ್ ಸರ್ಟಿಫಿಕೇಟ್, ಅಂದರೆ ವೆಬ್‌ಸೈಟ್ ಅಸಲಿ ಅಂತ ಬ್ರೌಸರ್‌ಗೆ ತೋರಿಸುವ ಡಿಜಿಟಲ್ ಗುರುತುಪತ್ರ. ಗರಿಷ್ಠ ಅವಧಿ 398 ದಿನ ಇತ್ತು. 2026ರ ಮಾರ್ಚ್ 15ರಿಂದ 200, 2027ರ ಮಾರ್ಚ್‌ಗೆ 100, 2029ರ ಮಾರ್ಚ್‌ಗೆ 47 ದಿನ ಅಂತ ಬ್ರೌಸರ್‌ನವರೂ ಸರ್ಟಿಫಿಕೇಟ್ ಕೊಡುವವರೂ ಸೇರಿ ಮತ ಹಾಕಿ ತೀರ್ಮಾನಿಸಿದ್ದಾರೆ. ಎಕ್ಸೆಲ್ ಶೀಟ್ ಇಟ್ಟುಕೊಂಡು ಕೈಯಲ್ಲಿ ರಿನ್ಯೂ ಮಾಡುವ ತಂಡಗಳು 200 ದಿನವನ್ನು ಹೇಗೋ ನಿಭಾಯಿಸುತ್ತವೆ. 100ಕ್ಕೆ ಇಳಿದಾಗ ಉಸಿರು ಕಟ್ಟುತ್ತದೆ. 2027ರ ಆ ಮಾರ್ಚ್‌ಗೆ ಮುಂಚಿನ ಕಂಪನಿ ಬಜೆಟ್‌ಗಳಲ್ಲಿ ಸರ್ಟಿಫಿಕೇಟ್ ಆಟೊಮೇಷನ್‌ಗೆ ಪ್ರತ್ಯೇಕ ಸಾಲು ಬರುವ ಸಾಧ್ಯತೆ 85 ಪರ್ಸೆಂಟ್ ಅಂತ ಬರೆದಿಟ್ಟಿದ್ದೇನೆ.