ಸರೋವರದ ರೇನ್‌ಬೋ ಟ್ರೌಟ್‌ಗೆ ಫ್ಲೈ ಎಷ್ಟು ಆಳದಲ್ಲಿರಬೇಕು?

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಕ್ಯಾಮ್‌ಲೂಪ್ಸ್ ಊರಿನ ಆಸುಪಾಸು ಟಂಕ್ವಾ ಥರದ ಸಣ್ಣ ಸರೋವರಗಳು ತುಂಬಾ ಇವೆ. ಮೇ, ಜೂನ್‌ನಲ್ಲಿ ಅಲ್ಲಿನ ರೇನ್‌ಬೋ ಟ್ರೌಟ್ ಮೀನು ಜಾಸ್ತಿ ತಿನ್ನುವುದು ಕೈರೊನೊಮಿಡ್, ಅಂದ್ರೆ ಸೊಳ್ಳೆಯಂತೆ ಕಂಡರೂ ಕಚ್ಚದ ಹುಳ. ಅದು ತಳದ ಕೆಸರಲ್ಲಿ ಬೆಳೆದು, ಪ್ಯೂಪಾ (ರೆಕ್ಕೆ ಬರುವ ಮುಂಚಿನ ಹಂತ) ಆಗಿ ನಿಧಾನಕ್ಕೆ ಮೇಲೇರುತ್ತದೆ. ಟ್ರೌಟ್ ಕಾಯುವುದು ಇದಕ್ಕೇ.

ಮೀನು ಹಿಡಿಯುವ ಲೈಸೆನ್ಸ್ ತಗೊಳ್ಳಿ, ಆಯಾ ಸರೋವರದ ನಿಯಮ ಓದಿಕೊಳ್ಳಿ. ಫ್ಲೈ, ಅಂದ್ರೆ ಗಾಳದ ಮೇಲೆ ಕಟ್ಟಿದ ಹುಳದ ನಕಲು, ಕಪ್ಪು ಅಥವಾ ಕಂದುಗೆಂಪು ಇರಲಿ, ಮೈಗೆ ತಾಮ್ರದ ತಂತಿ, ತಲೆಗೆ ಬಿಳಿ ಮಣಿ. ಆ ಬಿಳಿ ಮಣಿ ಹುಳದ ಕಿವಿರಿನ ನಕಲು. ದೋಣಿಗೆ ಎರಡೂ ತುದಿಯಲ್ಲಿ ಲಂಗರು ಹಾಕಿ, ಒಂದೇ ಹಾಕಿದರೆ ಗಾಳಿಗೆ ದೋಣಿ ತಿರುಗುತ್ತಾ ಫ್ಲೈಯನ್ನೂ ಎಳೆದಾಡುತ್ತದೆ.

ಈಗ ಆಳ. ಎಲ್ಲಕ್ಕಿಂತ ಮುಖ್ಯ ಇದೇ, ಅವಸರ ಮಾಡಬೇಡಿ. ಗಾಳ ಬಿಡಿಸುವ ಇಕ್ಕುಳವನ್ನು ಫ್ಲೈಗೆ ಕಚ್ಚಿಸಿ ದೋಣಿ ಪಕ್ಕದಲ್ಲೇ ನೀರಿಗೆ ಇಳಿಸಿ. ಅದು ತಳ ಮುಟ್ಟಿ ದಾರ ನೆಟ್ಟಗೆ ನಿಂತಾಗ, ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ ದಾರಕ್ಕೆ ಬೆಂಡು ಸಿಕ್ಕಿಸಿ. ಇಕ್ಕುಳ ತೆಗೆದು ಫ್ಲೈಯನ್ನು ನೀರಿಗೆ ಎಸೆದರೆ ಅದು ತಳದಿಂದ ಸುಮಾರು ಒಂದಡಿ ಮೇಲೆ ತೂಗುತ್ತದೆ.

ಸಡಿಲ ದಾರ ಎಳೆದುಕೊಂಡು ಸುಮ್ನೆ ಕಾಯಿರಿ, ಕಣ್ಣು ಮಾತ್ರ ಬೆಂಡಿನ ಮೇಲಿರಲಿ. ಅದು ಮುಳುಗಲೇಬೇಕು ಅಂತಿಲ್ಲ, ಸ್ವಲ್ಪ ವಾಲಿದರೂ ಕೋಲು ಎತ್ತಿಬಿಡಿ.

ಬಿಡುವ ಮೀನಾದರೆ ಗಾಳದ ತುದಿಯ ಹಿಮ್ಮುಖ ಮುಳ್ಳನ್ನು ಮೊದಲೇ ಒತ್ತಿ ಚಪ್ಪಟೆ ಮಾಡಿಟ್ಟಿರಿ, ಕೈ ಒದ್ದೆ ಮಾಡಿಕೊಂಡು ನೀರಲ್ಲೇ ಬಿಡಿಸಿ. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದ ದಿನ ಹಿಡಿದು ಬಿಡುವುದು ಬೇಡ, ಬಿಟ್ಟ ಮೀನೂ ಸುಸ್ತಾಗಿ ಸಾಯಬಹುದು.